ಅರವತ್ತರ ನಂತರ ಕೈಗೆ ಹತ್ತಿದ ಮಣ್ಣು

ನನ್ನ ಕೈಯಾರೆ ತಟ್ಟಿ, ಸುಟ್ಟು, ಒಡೆಯದೆ ಮನೆಗೆ ತಂದ ಮೊದಲ ಗಡಿಗೆ ಸರಿಯಾಗಿ ಹತ್ತೊಂಬತ್ತು ದಿನ ಬಾಳಿತು. ಮೇ ತಿಂಗಳ ಕೊನೆಯಲ್ಲಿ ಅದನ್ನು ತಂದು ಪಡಸಾಲೆಯ ಮಾಡದಲ್ಲಿ ಇಟ್ಟಿದ್ದೆ. ಮನೆಗೆ ಬಂದವರಿಗೆಲ್ಲ ಏನಾದರೊಂದು ನೆಪ ಹುಡುಕಿ ತೋರಿಸಿದ್ದೆ. ಮುಂಗಾರಿನ ಮೊದಲ ದೊಡ್ಡ ಮಳೆ ಸುರಿದ ಮರುದಿನ ನಸುಕಿನಲ್ಲಿ ಎದ್ದು ನೋಡಿದರೆ, ಗಡಿಗೆಯ ಹೊಟ್ಟೆಯಿಂದ ನಾಲ್ಕಾಣೆ ಬಿಲ್ಲೆಯಷ್ಟು ಅಗಲದ ಚಕ್ಕೆಯೊಂದು ಹಾರಿ ಕೆಳಗೆ ಬಿದ್ದಿತ್ತು. ಚಕ್ಕೆ ಎದ್ದ ಕುಳಿಯ ನಡುವೆ ಜೋಳದ ಕಾಳಿನಷ್ಟು ಬಿಳಿಯ ಚುಕ್ಕೆ. ರಾತ್ರಿ ಯಾರೂ ಅದನ್ನು ಮುಟ್ಟಿರಲಿಲ್ಲ. ಬೆಕ್ಕು ಹಾಯ್ದ ಗುರುತೂ ಇರಲಿಲ್ಲ. ಗಡಿಗೆ ತನ್ನೊಳಗಿನಿಂದ ತಾನೇ ಒಡೆದಿತ್ತು.

ಅದನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ನನ್ನ ಗುರುಗಳ ಮನೆಗೆ ಹೋದೆ. ಸೇಡಂ ತಾಲ್ಲೂಕಿನ ನಮ್ಮ ಆಡಕಿಯಲ್ಲಿ ಇನ್ನೂ ತಿಗರಿ ತಿರುಗಿಸುವ ಕುಂಬಾರರು ಅವರು. ನನಗಿಂತ ಎಂಟು ವರ್ಷ ಹಿರಿಯರು. ನಾನು ಅವರನ್ನು ಅಣ್ಣಾ ಎನ್ನುತ್ತೇನೆ. ಅವರು ನನ್ನನ್ನು ಈಗಲೂ ಸರ ಎಂದೇ ಕರೆಯುತ್ತಾರೆ. ಬಿಳಿಯ ಚುಕ್ಕೆಯನ್ನು ಉಗುರಿನಿಂದ ಕೆರೆದು, ಬೆರಳ ತುದಿಯಲ್ಲಿ ಉಜ್ಜಿ ತೋರಿಸಿ ಅವರು ಹೇಳಿದ್ದು ಇಷ್ಟೇ: "ಸುಣ್ಣದ ಹರಳ ಅದ ರೀ ಸರ. ಬೆಂಕ್ಯಾಗ ಸುಟ್ಟಾದ, ಈಗ ಮಳಿ ಹವಾ ಕುಡದು ಉಬ್ಬ್ಯಾದ. ಮಣ್ಣು ಸೋಸೂ ಮುಂದ ನೀವು ಅವಸರ ಮಾಡೀರಿ."

ನಾನು ಮೂವತ್ತಮೂರು ವರ್ಷ ಪ್ರೌಢಶಾಲೆಗಳಲ್ಲಿ ವಿಜ್ಞಾನ ಕಲಿಸಿದವನು. ಸುಣ್ಣದ ಕಲ್ಲನ್ನು ಕಾಯಿಸಿದರೆ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ, ಅದಕ್ಕೆ ನೀರು ಸೇರಿದರೆ ಅರಳಿದ ಸುಣ್ಣವಾಗುತ್ತದೆ ಎಂಬ ಸಮೀಕರಣವನ್ನು ಪ್ರತಿವರ್ಷ ಕಪ್ಪು ಹಲಗೆಯ ಮೇಲೆ ಬರೆದಿದ್ದೇನೆ. ನೂರು ಗ್ರಾಂ ಶುದ್ಧ ಸುಣ್ಣದ ಕಲ್ಲಿನಿಂದ ಐವತ್ತಾರು ಗ್ರಾಂ ಸುಟ್ಟ ಸುಣ್ಣ ಎಂಬ ಲೆಕ್ಕವನ್ನು ಎಷ್ಟೋ ಸಾವಿರ ಮಕ್ಕಳಿಂದ ಮಾಡಿಸಿದ್ದೇನೆ. ಆದರೆ ಅದೇ ಸಮೀಕರಣ ನನ್ನ ಮನೆಯ ಮಾಡದಲ್ಲಿ, ನಾನೇ ಮಾಡಿದ ಗಡಿಗೆಯ ಹೊಟ್ಟೆಯಲ್ಲಿ ನಡೆದಾಗ ನನಗೆ ಅದರ ಗುರುತು ಹತ್ತಲಿಲ್ಲ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವರು ಅದನ್ನು ಒಂದು ಉಗುರಿನಿಂದ ಓದಿದರು.

ಈ ಲೇಖನ ಬರೆಯಲು ಆ ಚಕ್ಕೆಯೇ ಕಾರಣ. ಮುಪ್ಪಿನಲ್ಲಿ ಹೊಸ ಹವ್ಯಾಸ ಹಿಡಿದವರು ಅದರಿಂದ ದೊರೆತ ನೆಮ್ಮದಿಯ ಕುರಿತು ಬರೆಯುವುದು ವಾಡಿಕೆ. ನೆಮ್ಮದಿ ನನಗೂ ದೊರೆತಿದೆ. ಆದರೆ ಅದರ ಜೊತೆಯಲ್ಲಿ ಒಂದು ಹಳೆಯ ಸಾಲದ ಚೀಟಿಯೂ ಸಿಕ್ಕಿತು. ಅದನ್ನು ಹೇಳದೆ ನೆಮ್ಮದಿಯನ್ನಷ್ಟೇ ಹೇಳಿದರೆ ಬರಹ ಅರ್ಧ ಸುಳ್ಳಾದೀತು.

ಮಣ್ಣಿನ ಸಹವಾಸ ಆರಂಭವಾದದ್ದು ಆಕಸ್ಮಿಕವಾಗಿ. ನಿವೃತ್ತಿಯ ಎರಡನೆಯ ವರ್ಷ ಮಣ್ಣೆತ್ತಿನ ಅಮಾವಾಸ್ಯೆಗೆ ಬೆಂಗಳೂರಿನಿಂದ ಮೊಮ್ಮಗ ಬಂದಿದ್ದ. ನಮ್ಮ ಸೀಮೆಯಲ್ಲಿ ಆ ದಿನ ಮಣ್ಣಿನ ಜೋಡೆತ್ತುಗಳನ್ನು ತಂದು ಪೂಜಿಸದ ಮನೆಯಿಲ್ಲ. ಎತ್ತು ತರಲು ಅವನ ಕೈ ಹಿಡಿದು ಕುಂಬಾರ ಓಣಿಗೆ ಹೋದೆ. ಹುಡುಗ ಅಲ್ಲಿಂದ ಕದಲಲು ಒಪ್ಪಲಿಲ್ಲ. ಅಣ್ಣ ಅವನ ಕೈಗೊಂದು ಮಣ್ಣಿನ ಮುದ್ದೆ ಕೊಟ್ಟರು. ಸುಮ್ಮನೆ ನಿಂತ ನನ್ನನ್ನು ನೋಡಿ, "ನೀವೂ ಕುಂದರ್ರಿ ಸರ, ಮಣ್ಣಿಗೇನು ವಯಸ್ಸು ಕೇಳೂದಿಲ್ಲ" ಎಂದು ನನಗೂ ಒಂದು ಮುದ್ದೆ ಕೊಟ್ಟರು. ಮೊಮ್ಮಗ ನಾಲ್ಕು ದಿನಗಳಲ್ಲಿ ಬೆಂಗಳೂರಿಗೆ ಮರಳಿದ. ನಾನು ಮರುದಿನವೂ ಆ ಅಂಗಳಕ್ಕೆ ಹೋದೆ, ಅದರ ಮರುದಿನವೂ ಹೋದೆ.

ದೂರದಿಂದ ನೋಡುವವರಿಗೆ ತಿಗರಿಯ ಮೇಲಿನ ಮಣ್ಣು ತಾನಾಗಿ ಎದ್ದು ನಿಲ್ಲುವಂತೆ ಕಾಣುತ್ತದೆ. ಕುಳಿತವರಿಗೇ ಅದರ ಹಟ ಗೊತ್ತು. ಭಾರವಾದ ಚಕ್ರವನ್ನು ಕೋಲಿನಿಂದ ತಿರುವಿ ವೇಗ ಬರಿಸಿ, ಕೋಲನ್ನು ಬದಿಗಿಟ್ಟು, ಆ ವೇಗ ಇಳಿಯುವುದರೊಳಗೆ ಮಣ್ಣನ್ನು ನಡುವಿಗೆ ತರಬೇಕು. ಮುದ್ದೆ ಒಂದು ನೂಲಿನಷ್ಟು ಆಚೆ ಸರಿದಿದ್ದರೂ ಅಂಗೈಗೆ ಏಟು ಕೊಡುತ್ತಲೇ ಇರುತ್ತದೆ. ಅಂಗೈಯಲ್ಲಿ ಅಲುಗಾಟ ನಿಂತಾಗ ಮಾತ್ರ ಅದು ನಡುವಿಗೆ ಬಂದಿದೆ ಎಂದು ಅರ್ಥ. ಇಷ್ಟನ್ನು ಕಲಿಯಲು ನನಗೆ ಐದು ತಿಂಗಳು ಹಿಡಿಯಿತು. ಹಣತೆ ಮೊದಲು ಬಂತು, ಆಮೇಲೆ ಮುಚ್ಚಳ, ಆಮೇಲೆ ಮಗಿ. ಗಡಿಗೆಯ ವಿಷಯ ಬೇರೆ. ಅದರ ಕುತ್ತಿಗೆ ಮತ್ತು ದಪ್ಪನೆಯ ಗೋಡೆ ಮಾತ್ರ ತಿಗರಿಯ ಮೇಲೆ ಆಗುತ್ತದೆ. ಅದು ಸ್ವಲ್ಪ ಆರಿದ ಮೇಲೆ ಒಳಗೊಂದು ದುಂಡು ಕಲ್ಲು ಹಿಡಿದು, ಹೊರಗಿನಿಂದ ಮರದ ಹಲಗೆಯಿಂದ ತಟ್ಟುತ್ತಾ ಹೋದಂತೆ ಗೋಡೆ ತೆಳುವಾಗಿ ಹೊಟ್ಟೆ ದುಂಡಗಾಗುತ್ತದೆ. ಎರಡು ಕೈಗಳೂ ಒಂದನ್ನೊಂದು ಕಾಣದೆ, ನಡುವೆ ಮಣ್ಣಿನ ಗೋಡೆಯನ್ನಿಟ್ಟುಕೊಂಡು ಒಂದೇ ಜಾಗಕ್ಕೆ ಬಂದು ಸೇರಬೇಕು. ಈ ಕೆಲಸದಲ್ಲಿ ಅಣ್ಣನ ಹೆಂಡತಿ, ನಾನು ವೈನಿ ಎನ್ನುವ ಆಕೆ, ಅಣ್ಣನಿಗಿಂತಲೂ ಗಟ್ಟಿಗರು. ತಟ್ಟಿದ ಸದ್ದು ಕೇಳಿಯೇ ಎಲ್ಲಿ ದಪ್ಪ ಉಳಿದಿದೆ ಎಂದು ಅಡುಗೆಮನೆಯಿಂದ ಕೂಗಿ ಹೇಳುತ್ತಿದ್ದರು.

ಆದರೆ ಎಲ್ಲಕ್ಕಿಂತ ಕಷ್ಟದ ಪಾಠವೆಂದರೆ ಮಣ್ಣನ್ನು ಸಿದ್ಧಪಡಿಸುವುದು. ನಮ್ಮದು ಕರಿ ಎರೆಯ ನಾಡು. ತೊಗರಿಗೆ, ಬಿಳಿಜೋಳಕ್ಕೆ ಹೇಳಿ ಮಾಡಿಸಿದ ಆ ಮಣ್ಣು ಗಡಿಗೆಗೆ ಒಲ್ಲದು. ನೀರು ಕುಡಿದರೆ ಉಬ್ಬುತ್ತದೆ, ಆರಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ನಮ್ಮ ಹೊಲಗಳು ಕಾಲು ಸಿಕ್ಕುವಷ್ಟು ಬಿರುಕು ಬಿಡುವುದು ಅದಕ್ಕೇ. ಬರೀ ಎರೆಯಲ್ಲಿ ಮಾಡಿದ ಗಡಿಗೆ ನೆರಳಿನಲ್ಲಿ ಆರುವಾಗಲೇ ಸೀಳುತ್ತದೆ. ಆದ್ದರಿಂದ ಹಳ್ಳದ ದಂಡೆಯ ಜಿಗುಟು ಮಣ್ಣಿಗೆ ಬೇರೆ ಮಣ್ಣು, ಸಣ್ಣ ಮರಳು, ಬೂದಿ, ಕತ್ತೆಯ ಲದ್ದಿ ಬೆರೆಸಿ ಅದರ ಹಟವನ್ನು ತಗ್ಗಿಸಬೇಕು. ಲದ್ದಿಯ ನಾರು ಹಸಿಗಡಿಗೆಯನ್ನು ಹಿಡಿದಿಡುತ್ತದೆ. ಆವಿಗೆಯಲ್ಲಿ ಸುಟ್ಟುಹೋಗಿ ಸೂಕ್ಷ್ಮ ರಂಧ್ರಗಳನ್ನು ಉಳಿಸುತ್ತದೆ. ಆ ರಂಧ್ರಗಳಿಂದ ಜಿನುಗಿದ ನೀರು ಆರುವಾಗ ಗಡಿಗೆಯ ಶಾಖವನ್ನು ಕೊಂಡೊಯ್ಯುವುದರಿಂದಲೇ ಒಳಗಿನ ನೀರು ತಣ್ಣಗಾಗುತ್ತದೆ. ಉಷ್ಣಾಂಶ 42 ಡಿಗ್ರಿ ದಾಟುವ ನಮ್ಮ ಒಣ ಬೇಸಿಗೆಯಲ್ಲಿ ಹರವಿಯ ನೀರು ಹಲ್ಲು ಜುಮ್ಮೆನ್ನುವಂತಿದ್ದು, ಮಳೆಗಾಲದ ತೇವದಲ್ಲಿ ಅದೇ ಹರವಿ ಸೋಮಾರಿಯಾಗುವುದರ ಗುಟ್ಟು ಇದು.

ಇನ್ನು ಸುಣ್ಣದ ಮಾತು. ಭೀಮಾ ಮತ್ತು ಕಾಗಿಣಾ ನದಿಗಳ ಈ ಸೀಮೆ ಸುಣ್ಣದ ಕಲ್ಲಿನ ಹಾಸಿನ ಮೇಲೆ ಕುಳಿತಿದೆ. ಶಹಾಬಾದ್ ಕಲ್ಲು ಎಂದು ದೇಶದ ಎಷ್ಟೋ ಮನೆಗಳ ನೆಲಕ್ಕೆ ಹಾಸಿರುವುದು ಇದನ್ನೇ. ವಾಡಿ, ಸೇಡಂ, ಮಳಖೇಡಗಳಲ್ಲಿ ಸಿಮೆಂಟ್ ಕಾರ್ಖಾನೆಗಳು ನೆಲೆಯೂರಿದ್ದೂ ಇದರಿಂದಲೇ. ಅಲ್ಲಿನ ಕುಲುಮೆಗಳಲ್ಲಿ ಈ ಕಲ್ಲು ಜೇಡಿಯೊಂದಿಗೆ ಸುಮಾರು 1450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೆಂದು ಸಿಮೆಂಟಿನ ಗಟ್ಟಿಯಾಗುತ್ತದೆ. ನಮ್ಮ ಆವಿಗೆಯ ಶಾಖ ಅದರ ಅರ್ಧದಷ್ಟು. ಕುಳ್ಳು ಮತ್ತು ತೊಗರಿ ಕಟ್ಟಿಗೆ ಒಟ್ಟಿ, ಮೇಲೆ ಮಣ್ಣು ಬೂದಿ ಮುಚ್ಚಿ ಹಚ್ಚಿದ ಬೆಂಕಿ ಏಳೆಂಟು ನೂರು ಡಿಗ್ರಿ ಮುಟ್ಟುತ್ತದೆ. ಮಣ್ಣು ತನ್ನ ಕಣಗಳೊಳಗಿನ ನೀರನ್ನು ಕಳೆದುಕೊಂಡು ಮತ್ತೆಂದೂ ಕೆಸರಾಗದಂತೆ ಬದಲಾಗಲು ಅಷ್ಟು ಸಾಕು. ಆದರೆ ಮಣ್ಣಿನಲ್ಲಿ ಅಡಗಿದ ಸುಣ್ಣದ ಹರಳು ಸುಟ್ಟ ಸುಣ್ಣವಾಗತೊಡಗಲೂ ಅಷ್ಟು ಸಾಕು. ಅದು ಜೇಡಿಯೊಂದಿಗೆ ಬೆರೆತು ಕರಗುವಷ್ಟು ಬಿಸಿ ಇಲ್ಲಿ ಇಲ್ಲ. ಹಾಗಾಗಿ ಹರಳು ಒಂಟಿಯಾಗಿ ಗಡಿಗೆಯ ಗೋಡೆಯೊಳಗೆ ಕಾಯುತ್ತಾ ಕೂರುತ್ತದೆ. ಗಾಳಿಯ ತೇವ ತಾಕಿದಂತೆ ಅರಳಿ ಉಬ್ಬುತ್ತದೆ. ಸುತ್ತಲಿನ ಮಣ್ಣು ಆಗಲೇ ಕಲ್ಲಾಗಿರುವುದರಿಂದ ಚಕ್ಕೆ ಹಾರುತ್ತದೆ. ಕಾರ್ಖಾನೆಗೆ ಸಂಪತ್ತಾದದ್ದೇ ಕುಂಬಾರನಿಗೆ ಶತ್ರು.

ಆ ಶತ್ರುವನ್ನು ಗೆಲ್ಲುವ ಮೂರು ಉಪಾಯಗಳನ್ನು ಅಣ್ಣ ತಂದೆಯಿಂದ ಕಲಿತಿದ್ದರು. ಮಣ್ಣನ್ನು ತೆಳ್ಳಗೆ ಕದಡಿ ಬಟ್ಟೆಯಲ್ಲಿ ಸೋಸುವುದು ಮೊದಲನೆಯದು. ಕಲಸುವ ನೀರಿಗೆ ಒಂದು ಹಿಡಿ ಉಪ್ಪು ಹಾಕುವುದು ಎರಡನೆಯದು. ಮೂರನೆಯದು ನೋಡಲು ಎದೆ ನಡುಗಿಸುವಂಥದ್ದು: ಆವಿಗೆ ತೆರೆದ ಮೇಲೆ, ಗಡಿಗೆ ಇನ್ನೂ ಕೈ ತಾಳದಷ್ಟು ಬಿಸಿಯಾಗಿರುವಾಗಲೇ ನೀರಿನ ಬಾನಿಯಲ್ಲಿ ಮುಳುಗಿಸಿ, ಗುಳ್ಳೆ ಏಳುವುದು ನಿಲ್ಲುವ ತನಕ ಹಿಡಿದಿಡುವುದು. ತೇವವನ್ನು ನಿಧಾನವಾಗಿ ಕುಡಿದು ಉಬ್ಬಬೇಕಿದ್ದ ಸುಣ್ಣ ಒಮ್ಮೆಗೇ ನೀರುಂಡು ಮೆತ್ತಗಾಗಿ ರಂಧ್ರಗಳಿಗೆ ಹರಿದುಬಿಡುತ್ತದೆ. ಬೇರೆ ದೇಶಗಳ ಇಟ್ಟಿಗೆ ಭಟ್ಟಿಗಳಲ್ಲಿಯೂ ಇದೇ ಉಪಾಯ ಬಳಕೆಯಲ್ಲಿದೆ ಎಂಬುದನ್ನು ನಾನು ಆಮೇಲೆ ಪುಸ್ತಕಗಳಲ್ಲಿ ಓದಿದೆ. ಅಣ್ಣನಿಗೆ ಹೇಳಿದೆ. ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. "ಸುಣ್ಣ ಎಲ್ಲಿದ್ರೂ ಸುಣ್ಣಾನೇ ಅಲ್ರೀ ಸರ" ಎಂದರು.

ಹೀಗೆ ಮಣ್ಣು ಸೋಸುತ್ತಾ ಕುಳಿತ ದಿನಗಳಲ್ಲಿ ನಮ್ಮ ಸೀಮೆಯ ಚರಿತ್ರೆಯೂ ನನಗೆ ಬೇರೆಯಾಗಿ ಕಾಣತೊಡಗಿತು. ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದಾಗಲೆಲ್ಲ ಮಳಖೇಡದ ಕೋಟೆಯನ್ನು ತೋರಿಸಿ, ಇದು ರಾಷ್ಟ್ರಕೂಟರ ಮಾನ್ಯಖೇಟ, ನೃಪತುಂಗನ ಆಸ್ಥಾನ ಎಂದು ಹೇಳುತ್ತಿದ್ದೆ. ಚಿತ್ತಾಪುರ ತಾಲ್ಲೂಕಿನ ಸನ್ನತಿಗೆ ಹೋದರೆ, 1986ರಲ್ಲಿ ಅಲ್ಲಿನ ಗುಡಿಯಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನವನ್ನೂ, 1990ರ ದಶಕದಲ್ಲಿ ಪಕ್ಕದ ಕನಗನಹಳ್ಳಿಯಲ್ಲಿ ಅಗೆದು ತೆಗೆದ ಸ್ತೂಪವನ್ನೂ, ಬ್ರಾಹ್ಮಿ ಲಿಪಿಯಲ್ಲಿ ಹೆಸರು ಬರೆದ ಅಶೋಕನ ಶಿಲ್ಪವನ್ನೂ ವರ್ಣಿಸುತ್ತಿದ್ದೆ. ಕಾಲ ಬಳಿ ಬಿದ್ದ ಮಡಕೆಯ ಚೂರುಗಳನ್ನು ಮಕ್ಕಳು ಎತ್ತಿಕೊಂಡರೆ, ಅದನ್ನು ಬಿಸಾಡಿ ಇಲ್ಲಿ ನೋಡಿ ಎನ್ನುತ್ತಿದ್ದೆ. ಆದರೆ ಪುರಾತತ್ತ್ವಜ್ಞರು ಕಾಲ ನಿರ್ಣಯಕ್ಕೆ ಮೊದಲು ಕೈಹಾಕುವುದು ಆ ಚೂರುಗಳಿಗೇ. ಮಾರ್ಟಿಮರ್ ವೀಲರ್ 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯನ್ನು ಅಗೆದಾಗ, ಪದರ ಪದರವಾಗಿ ಸಿಕ್ಕ ಮಡಕೆ ಚೂರುಗಳೇ ದಕ್ಷಿಣ ಭಾರತದ ಪ್ರಾಚೀನ ಚರಿತ್ರೆಗೆ ಮೆಟ್ಟಿಲಾದವು. ಅರಮನೆಗಳು ಕುಸಿದಿವೆ, ತಾಳೆಗರಿಗಳು ಗೆದ್ದಲಿಗೆ ಹೋಗಿವೆ. ಬೆಂಕಿ ಕಂಡ ಮಣ್ಣು ಮಾತ್ರ ಉಳಿದಿದೆ. ಅದನ್ನು ಮಾಡಿದವರ ಹೆಸರು ಯಾವ ಶಾಸನದಲ್ಲಿಯೂ ಇಲ್ಲ.

ನಮಗೆ ಉಳಿದುಬಂದಿರುವ ಕನ್ನಡದ ಮೊದಲ ಕೃತಿ 'ಕವಿರಾಜಮಾರ್ಗ' ಒಂಬತ್ತನೆಯ ಶತಮಾನದಲ್ಲಿ ರೂಪುಗೊಂಡದ್ದು ಇದೇ ಮಾನ್ಯಖೇಟದ ಆಸ್ಥಾನದಲ್ಲಿ. ಅಕ್ಷರ ಓದಿ ಕಲಿಯದೆಯೂ ಕಾವ್ಯದಲ್ಲಿ ಪರಿಣತರಾದವರು ಈ ನಾಡಿನ ಜನ ಎಂದು ಅದು ಹೊಗಳುತ್ತದೆ. ವಿಜ್ಞಾನದ ತರಗತಿಯಲ್ಲಿದ್ದಾಗಲೂ ನಾನು ಆ ಮಾತನ್ನು ಹೆಮ್ಮೆಯಿಂದ ಹೇಳಿದ್ದುಂಟು. ಅದನ್ನು ಕಾವ್ಯಕ್ಕಷ್ಟೇ ಅಲ್ಲ, ಕೈಕೆಲಸಕ್ಕೂ ಅನ್ವಯಿಸಬೇಕು ಎಂಬುದು ಮಾತ್ರ ನನಗೆ ಎಂದೂ ಹೊಳೆದಿರಲಿಲ್ಲ. ಪಕ್ಕದ ಬೀದರ ಜಿಲ್ಲೆಯ ಭಾಲ್ಕಿಯ ಕುಂಬಾರ ಗುಂಡಯ್ಯನ ಮೇಲೆ ಹರಿಹರ ರಗಳೆಯನ್ನೇ ಬರೆದ. ಗುಂಡಯ್ಯನ ಗಡಿಗೆಯ ನಾದಕ್ಕೆ ಶಿವನೇ ಬಂದು ಕುಣಿದನೆಂಬುದು ಆ ಕಥೆ. ಅವನ ಹೆಂಡತಿ ಕೇತಲದೇವಿ ವಚನಕಾರ್ತಿ. ಸುಟ್ಟ ಗಡಿಗೆಯನ್ನು ಬೆರಳಿನಿಂದ ಬಡಿದು, ನಾದ ಕೇಳಿ, ಬಿರುಕಿದೆಯೋ ಇಲ್ಲವೋ ಎಂದು ಹೇಳುವ ವೈನಿಯನ್ನು ಕಂಡ ಮೇಲೆ ಆ ಕಥೆ ನನಗೆ ಬರೀ ಪವಾಡವಾಗಿ ಉಳಿಯಲಿಲ್ಲ.

ತಡವಾಗಿ ಮಣ್ಣಿಗೆ ಕೈಹಾಕಿದವರು ಜಗತ್ತಿನಲ್ಲಿ ನಾನೊಬ್ಬನೇ ಅಲ್ಲ. ಜಪಾನಿನ ಕ್ಯೋಟೊದಲ್ಲಿ ಒಟಗಾಕಿ ರೆಂಗೆತ್ಸು (1791–1875) ಎಂಬ ಬೌದ್ಧ ಸನ್ಯಾಸಿನಿ ಇದ್ದಳು. ಗಂಡನನ್ನೂ ಮಕ್ಕಳನ್ನೂ ಕಳೆದುಕೊಂಡು, 1832ರಲ್ಲಿ ಸಾಕುತಂದೆಯೂ ತೀರಿಕೊಂಡ ಮೇಲೆ, ನಲವತ್ತು ದಾಟಿದ ವಯಸ್ಸಿನಲ್ಲಿ ಹೊಟ್ಟೆಪಾಡಿಗಾಗಿ ಚಹಾದ ಪಾತ್ರೆಗಳನ್ನು ಮಾಡತೊಡಗಿದಳು. ಹಸಿಮಣ್ಣಿನ ಮೇಲೆ ತಾನೇ ರಚಿಸಿದ ಕವಿತೆಗಳನ್ನು ಕೊರೆಯುತ್ತಿದ್ದಳು. ಅಮೆರಿಕದ ಬಿಯಾಟ್ರಿಸ್ ವುಡ್ (1893–1998) ಕಥೆ ಇನ್ನೂ ಸ್ವಾರಸ್ಯಕರ. ಜಿಡ್ಡು ಕೃಷ್ಣಮೂರ್ತಿಯವರ ಉಪನ್ಯಾಸ ಕೇಳಲು ಹಾಲೆಂಡಿಗೆ ಹೋದಾಕೆ ಅಲ್ಲಿ ಮಿರುಗು ಬಣ್ಣದ ತಟ್ಟೆಗಳನ್ನು ಕೊಂಡಳು. ಅವಕ್ಕೆ ಹೊಂದುವ ಚಹಾದ ಹೂಜಿ ಎಲ್ಲಿಯೂ ಸಿಗದಿದ್ದಾಗ ತಾನೇ ಮಾಡುವೆನೆಂದು, ನಲವತ್ತರ ಅಂಚಿನಲ್ಲಿ ಕುಂಬಾರಿಕೆಯ ತರಗತಿಗೆ ಸೇರಿದಳು. ನೂರಾಐದು ವರ್ಷ ಬದುಕಿದ ಆಕೆಯ ಅತ್ಯುತ್ತಮ ಕೃತಿಗಳು ಎಂಬತ್ತರ ನಂತರ ಬಂದವು ಎಂದು ಕಲಾವಿಮರ್ಶಕರು ಹೇಳುತ್ತಾರೆ.

ಇವರ ಕಥೆಗಳನ್ನು ಓದಿ ನಾನು ಹಿಗ್ಗಿದ್ದೆ. ಆದರೆ ಅಲ್ಲೊಂದು ವ್ಯತ್ಯಾಸವಿದೆ. ರೆಂಗೆತ್ಸು ಆಗಲಿ, ಬಿಯಾಟ್ರಿಸ್ ಆಗಲಿ ಹುಟ್ಟಿನಿಂದ ಮಣ್ಣಿಗೆ ಕಟ್ಟುಬಿದ್ದವರಲ್ಲ. ಅವರು ಮಣ್ಣನ್ನು ಆರಿಸಿಕೊಂಡರು. ನಾನೂ ಆರಿಸಿಕೊಂಡೆ, ಅದೂ ತಿಂಗಳ ಮೊದಲ ವಾರ ಪಿಂಚಣಿ ಜಮೆಯಾಗುವ ಭರವಸೆಯ ಮೇಲೆ. ನನ್ನ ಗಡಿಗೆ ಒಡೆದರೆ ನನ್ನ ಒಲೆ ಆರುವುದಿಲ್ಲ. ನಮ್ಮ ದೇಶದಲ್ಲಿ ಕುಂಬಾರಿಕೆ ಎಂಬುದು ಹವ್ಯಾಸವಾಗುವ ಮೊದಲು ಜಾತಿಯಾಗಿತ್ತು. ಮದುವೆಗೆ ಐರಣಿ ಗಡಿಗೆ ಬೇಕು, ಎಳ್ಳಮಾವಾಸ್ಯೆಯ ಅಂಬಲಿಗೆ ಗಡಿಗೆ ಬೇಕು, ಕಡೆಗೆ ಸ್ಮಶಾನಕ್ಕೂ ಗಡಿಗೆ ಬೇಕು; ಮಾಡುವವನನ್ನು ಮಾತ್ರ ಓಣಿಯ ಕೊನೆಯಲ್ಲಿ ನಿಲ್ಲಿಸಿದ ಊರುಗಳು ನಮ್ಮವು. ಇದು ನನಗೆ ಗೊತ್ತಿಲ್ಲದ ಸಂಗತಿಯಲ್ಲ. ಆದರೆ ಆ ನಿಲ್ಲಿಸಿದವರಲ್ಲಿ ನಾನೂ ಒಬ್ಬನೆಂದು ತಿಳಿದದ್ದು ಒಂದು ದೀಪಾವಳಿಯ ಹಿಂದಿನ ದಿನ.

ಅಣ್ಣನ ಮಗ ನನ್ನ ವಿದ್ಯಾರ್ಥಿ. ಎಸ್ಸೆಸ್ಸೆಲ್ಸಿ ಮುಗಿಸಿ, ಅಲ್ಲಿ ಇಲ್ಲಿ ದುಡಿದು, ಈಗ ಒಂದು ಸಿಮೆಂಟ್ ಕಾರ್ಖಾನೆಯ ಚೀಲ ತುಂಬುವ ವಿಭಾಗದಲ್ಲಿ ಗುತ್ತಿಗೆ ಕೆಲಸದಲ್ಲಿದ್ದಾನೆ. ಆ ದಿನ ರಜೆಯ ಮೇಲೆ ಮನೆಗೆ ಬಂದಿದ್ದ. ನಾನು ಧೋತರ ಎತ್ತಿಕಟ್ಟಿ ಅಂಗಳದಲ್ಲಿ ಮಣ್ಣು ತುಳಿಯುತ್ತಿದ್ದೆ. ಅವನು ಸ್ವಲ್ಪ ಹೊತ್ತು ನೋಡಿ, ನಗುತ್ತಾ ಕೇಳಿದ: "ಸರ, ಎಂಟನೇತ್ತ್ಯಾಗ ನೀವು ನನಗ ಏನಂದಿದ್ರಿ, ನೆನಪದ ಏನ್ರಿ?" ನನಗೆ ನೆನಪಿರಲಿಲ್ಲ. "ಓದಲಿಲ್ಲಂದ್ರ ನಿಮ್ಮಪ್ಪನಂಗ ಮಣ್ಣು ತುಳಿಬೇಕಾಗ್ತದ ಅಂದಿದ್ರಿ. ಎಲ್ಲಾರೂ ನಕ್ಕಿದ್ರು. ಈಗ ನೋಡ್ರಿ, ನೀವೇ ತುಳಿಲಾಕತ್ತೀರಿ."

ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ. ಅಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ. ಅಣ್ಣ ನಗಲೂ ಇಲ್ಲ, ತಲೆಯೆತ್ತಲೂ ಇಲ್ಲ. ತಿಗರಿಯ ಮೇಲಿನ ಮಣ್ಣಿಗೆ ನೀರು ಚಿಮುಕಿಸಿ ಕೆಲಸ ಮುಂದುವರಿಸಿದರು. ಈ ಮಾತು ಅವರಿಗೆ ಹೊಸದಲ್ಲ, ಇಪ್ಪತ್ತೈದು ವರ್ಷಗಳ ಹಿಂದೆಯೇ ಆ ಮನೆಯ ಕದ ದಾಟಿ ಒಳಗೆ ಬಂದದ್ದು ಎಂದು ನನಗೆ ಆಗ ತಿಳಿಯಿತು. ಅಷ್ಟೆಲ್ಲ ಕೇಳಿದ್ದರೂ ಅವರು ನನಗೆ ಮಣ್ಣು ಕೊಟ್ಟಿದ್ದರು, ಕುಂದರ್ರಿ ಎಂದಿದ್ದರು.

ಮರುದಿನ ಹೋಗಿ ತಪ್ಪಾಯಿತೆಂದು ಹೇಳಿದೆ. ಅಣ್ಣ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಅಂದರು: "ನೀವು ಹೇಳಿದ್ದು ಖರೇನೇ ಇತ್ತಲ್ರೀ ಸರ. ಮಣ್ಣು ತುಳದು ತುಳದು ನನ್ನ ಮೊಣಕಾಲು ಹೋಗ್ಯಾವ. ಮಗ ಈ ಕೆಲಸಕ್ಕ ಬರಬಾರದು ಅಂತ ನನಗೂ ಇತ್ತು. ಆದ್ರ ಆವತ್ತಿನಿಂದ ಹುಡುಗ ಗೆಳ್ಯಾರನ್ನ ಮನಿಗಿ ಕರಕೊಂಡು ಬರೂದು ಬಿಟ್ಟ."

ನಾನು ಈ ಮಾತನ್ನು ಬಹಳ ಕಾಲ ತೂಗಿ ನೋಡಿದ್ದೇನೆ. ಹುಡುಗನಿಗೆ ಓದೆಂದು ಹೇಳಿದ್ದು ತಪ್ಪಲ್ಲ. ಹುಟ್ಟಿದ ಮನೆಯ ಕಸುಬಿಗೇ ಮಗ ಕಟ್ಟುಬೀಳಬೇಕು ಎನ್ನುವುದು ಅನ್ಯಾಯ. ಅದನ್ನು ಮುರಿಯಲೆಂದೇ ಶಾಲೆ ಇರುವುದು. ಆದರೆ ಅವನನ್ನು ಮುಂದೆ ನೂಕಲು ನಾನು ಬಳಸಿದ ಕೋಲು ಅವನ ತಂದೆಯ ಬಗೆಗಿನ ತಿರಸ್ಕಾರ. ಪಾಠ ಹೇಳುವ ನಮಗೆ ಆ ಕೋಲು ಬಲು ಸುಲಭವಾಗಿ ಕೈಗೆ ಸಿಗುತ್ತದೆ. ಎಮ್ಮೆ ಕಾಯಬೇಕಾಗುತ್ತದೆ, ಕಲ್ಲು ಒಡೆಯಬೇಕಾಗುತ್ತದೆ, ಮಣ್ಣು ತುಳಿಯಬೇಕಾಗುತ್ತದೆ ಎಂದು ನಾವು ಗದರಿಸುವಾಗ, ಎದುರಿಗೆ ಕುಳಿತ ಮಕ್ಕಳಲ್ಲಿ ಅರ್ಧದಷ್ಟು ಜನರ ತಂದೆ ತಾಯಿ ಅದೇ ಕೆಲಸ ಮಾಡಿ ಅವರನ್ನು ಶಾಲೆಗೆ ಕಳಿಸಿರುತ್ತಾರೆ. ಅಂಥ ಒಂದು ಮಾತು ಹುಡುಗನ ಮನಸ್ಸಿನಲ್ಲಿ ಸುಣ್ಣದ ಹರಳಿನಂತೆ ಕೂತು, ಇಪ್ಪತ್ತೈದು ವರ್ಷಗಳ ನಂತರ ಚಕ್ಕೆಯಾಗಿ ಹಾರಿತ್ತು.

ಮಗನಿಗೆ ತಿಗರಿ ಬಿಟ್ಟ ಬಗ್ಗೆ ಪಶ್ಚಾತ್ತಾಪವಿಲ್ಲ. "ತಿಗರಿಗೆ ಪಿ.ಎಫ್. ಇಲ್ಲ ರೀ ಸರ" ಎನ್ನುತ್ತಾನೆ. ಅವನ ಮಾತು ಸರಿ. ಫ್ರಿಜ್ಜು, ಪ್ಲಾಸ್ಟಿಕ್ ಕೊಡ, ಸ್ಟೀಲಿನ ಪಾತ್ರೆ ಬಂದ ಮೇಲೆ ಕುಂಬಾರನಿಗೆ ಉಳಿದಿರುವುದು ಬೇಸಿಗೆಯ ಎರಡು ಮೂರು ತಿಂಗಳು ಮತ್ತು ಹಬ್ಬದ ನಾಲ್ಕಾರು ದಿನ. ಆದ್ದರಿಂದ ನನಗೆ ನಾನೇ ಒಂದು ಕಟ್ಟಳೆ ಹಾಕಿಕೊಂಡಿದ್ದೇನೆ: ನನ್ನ ಗಡಿಗೆಗಳನ್ನು ಮಾರುವುದಿಲ್ಲ. ಸೇಡಂ ಸಂತೆಯಲ್ಲಿ ನಿವೃತ್ತ ಮಾಸ್ತರನ ಗಡಿಗೆ ಎಂದು ನಾಲ್ಕು ಜನ ಕುತೂಹಲದಿಂದ ಕೊಂಡಾರು. ಆದರೆ ಪಿಂಚಣಿಯವನು ಐದು ರೂಪಾಯಿ ಕಡಿಮೆಗೆ ಮಾರಿದರೆ ಏಟು ಬೀಳುವುದು ವೈನಿಯ ಬುಟ್ಟಿಗೆ. ಹವ್ಯಾಸಕ್ಕೂ ಒಂದು ಮರ್ಯಾದೆ ಬೇಕು.

ಸರ್ಕಾರಗಳು ಏನೂ ಮಾಡಿಲ್ಲವೆಂದಲ್ಲ. 2004ರಲ್ಲಿ ರೈಲ್ವೆ ಸಚಿವ ಲಾಲೂ ಪ್ರಸಾದ್ ನಿಲ್ದಾಣಗಳಲ್ಲಿ ಚಹಾಕ್ಕೆ ಮಣ್ಣಿನ ಕುಡಿಕೆ ತರುವೆವೆಂದಾಗ, ವಾಡಿ ಜಂಕ್ಷನ್ನಿನಂಥ ನಿಲ್ದಾಣ ಹತ್ತಿರವಿರುವ ನಮ್ಮವರಲ್ಲೂ ಆಸೆ ಚಿಗುರಿತ್ತು. ಅದು ಹೆಚ್ಚು ಕಾಲ ಬಾಳಲಿಲ್ಲ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ 2018ರಲ್ಲಿ ಕುಂಬಾರರ ಸಬಲೀಕರಣ ಯೋಜನೆ ಆರಂಭಿಸಿ ವಿದ್ಯುತ್ ಚಾಲಿತ ತಿಗರಿಗಳನ್ನು ಹಂಚಿದೆ. ಅದರದೇ ಕುಂಬಾರಿಕೆ ತರಬೇತಿ ಸಂಸ್ಥೆಯೊಂದು ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿದೆ. 2023ರ ಸೆಪ್ಟೆಂಬರಿನಲ್ಲಿ ಬಂದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕುಂಬಾರಿಕೆಯೂ ಸೇರಿದ್ದು, ತರಬೇತಿಯ ದಿನಗಳಿಗೆ ಭತ್ಯೆ ಮತ್ತು ಸಲಕರಣೆಗೆ 15,000 ರೂಪಾಯಿಯ ನೆರವು ಅದರಲ್ಲಿದೆ. ವಿದ್ಯುತ್ ತಿಗರಿ ಮೊಣಕಾಲು, ಸೊಂಟಗಳನ್ನು ಉಳಿಸುತ್ತದೆ, ಸಂದೇಹವಿಲ್ಲ. ಆದರೆ ತಿಗರಿ ಕೊಟ್ಟವರು ಮಣ್ಣನ್ನು ಕೊಡುವುದಿಲ್ಲ. ಹಿಂದೆ ಊರ ಕುಂಬಾರ ಕೆರೆ ಹಳ್ಳಗಳ ಮಣ್ಣು ತರಲು ಯಾರನ್ನೂ ಕೇಳಬೇಕಿರಲಿಲ್ಲ. ಈಗ ದಂಡೆಯ ಜಾಗಕ್ಕೆಲ್ಲ ಬೇಲಿ ಬಿದ್ದಿದೆ. ಒಂದು ಟ್ರ್ಯಾಕ್ಟರ್ ಮಣ್ಣಿಗೆ ಹತ್ತು ಮನೆ ಅಲೆಯಬೇಕು. ಕೆರೆಗಳ ಹೂಳೆತ್ತುವಾಗ ಅದರಲ್ಲೊಂದು ಪಾಲು ಊರ ಕುಂಬಾರರಿಗೆ ಎಂದು ಗ್ರಾಮ ಪಂಚಾಯಿತಿಗಳು ತೀರ್ಮಾನಿಸಿದರೆ, ಅದು ಯಾವ ಸಹಾಯಧನಕ್ಕೂ ಕಡಿಮೆಯಲ್ಲ.

ಇನ್ನೊಂದು ಕೆಲಸ ಶಾಲೆಗಳಿಂದ ಆಗಬೇಕು. ಅದನ್ನು ನನ್ನ ಮಟ್ಟಿಗೆ ಸಣ್ಣದಾಗಿ ಆರಂಭಿಸಿದ್ದೇನೆ. ಮುಖ್ಯಗುರುಗಳನ್ನು ಒಪ್ಪಿಸಿ, ವರ್ಷಕ್ಕೆ ಒಂದು ದಿನ ಒಂಬತ್ತನೆಯ ತರಗತಿಯ ಮಕ್ಕಳನ್ನು ಅಣ್ಣನ ಅಂಗಳಕ್ಕೆ ಕರೆತರುತ್ತೇನೆ. ಬಾಷ್ಪೀಭವನ, ಜಡತ್ವ, ಸುಣ್ಣದ ರಸಾಯನ ಎಲ್ಲವೂ ಅಲ್ಲಿ ಕಣ್ಣಿಗೆ ಕಾಣುವಂತೆ ಇವೆ. ಮೊದಲು ಅಣ್ಣ ತಮ್ಮ ಮಾತಿನಲ್ಲಿ ಹೇಳುತ್ತಾರೆ. ಆಮೇಲೆ ನಾನು ಸಮೀಕರಣ ಹೇಳುತ್ತೇನೆ. ಈ ಕ್ರಮವನ್ನು ಬದಲಿಸುವುದಿಲ್ಲ. ಎಲ್ಲ ಮಕ್ಕಳೂ ಕುಂಬಾರರಾಗಲಿ ಎಂಬ ಆಸೆ ನನಗಿಲ್ಲ, ಅಣ್ಣನಿಗಂತೂ ಇಲ್ಲವೇ ಇಲ್ಲ. ಗಡಿಗೆ ಮಾಡುವವರಿಗೆ ಏನು ಗೊತ್ತಿರುತ್ತದೆ ಎಂಬುದು ಅವರಿಗೆ ಗೊತ್ತಾದರೆ ಸಾಕು.

ಹೋದ ಬೇಸಿಗೆಯ ಆವಿಗೆ ತೆರೆದ ದಿನ ಮಗ ರಜೆ ಹಾಕಿ ಬಂದಿದ್ದ. ತಂದೆಗೆ ಬಗ್ಗಲು ಆಗುವುದಿಲ್ಲವೆಂದು ತಾನೇ ಬೂದಿ ಸರಿಸಿ, ಬಿಸಿ ಗಡಿಗೆಗಳನ್ನು ಕಬ್ಬಿಣದ ಕೊಕ್ಕೆಯಿಂದ ಎತ್ತಿ ಒಂದೊಂದಾಗಿ ಬಾನಿಗೆ ಇಳಿಸಿದ. ಚುಂಯ್ ಎಂದು ಆವಿ ಏಳುತ್ತಿತ್ತು. ಕೈ ಮರೆತಿಲ್ಲವಲ್ಲ ಎಂದೆ. ಅವನು ಉತ್ತರ ಕೊಡಲಿಲ್ಲ. ಆದರೆ ಅವನ ಜೊತೆ ಕಾರ್ಖಾನೆಯ ಇಬ್ಬರು ಗೆಳೆಯರೂ ಬಂದಿದ್ದರು. ವೈನಿ ಅವರಿಗೆ ಹೊಸ ಗಡಿಗೆಯಿಂದ ನೀರು ಕೊಟ್ಟರು.

ಆ ಸಲದ ನನ್ನ ಗಡಿಗೆ ಮಳೆಗಾಲವನ್ನು ದಾಟಿ, ಚಕ್ಕೆ ಹಾರದೆ ಮಾಡದಲ್ಲಿ ಕುಳಿತಿದೆ. ಒಡೆದ ಮೊದಲ ಗಡಿಗೆಯನ್ನೂ ನಾನು ಎಸೆದಿಲ್ಲ. ಅದು ಪಕ್ಕದಲ್ಲೇ ಇದೆ, ಬಿಳಿಯ ಚುಕ್ಕೆ ಕಾಣುವಂತೆ ಮುಂದೆ ತಿರುಗಿಸಿ ಇಟ್ಟಿದ್ದೇನೆ. ಮನೆಗೆ ಬಂದವರಿಗೆ ಈಗ ಮೊದಲು ತೋರಿಸುವುದು ಅದನ್ನೇ.